ಮೈ ಬದಲಾದ ಮೇಲೂ ಪ್ರೀತಿ: ರಾಕ್ಷಸರ ಪ್ರೇಮಕಥೆಯ ಕಾಮಿಕ್ಸ್ ಓದುವುದು ಹೇಗೆ

ಮೈಸೂರಿನಲ್ಲಿ ವಾರಕ್ಕೊಮ್ಮೆ ಒಂದಷ್ಟು ಯುವಕ ಯುವತಿಯರಿಗೆ ಕಾಮಿಕ್ಸ್ ಬರೆಯುವುದನ್ನು ಹೇಳಿಕೊಡುತ್ತೇನೆ. ಅವರು ಈಗ ಓದುತ್ತಿರುವುದು ಸೂಪರ್‌ಹೀರೋಗಳ ಕಥೆಯಲ್ಲ. ಕೊಂಬಿರುವ ಗಂಡ, ಜೇಡದ ಕಾಲಿರುವ ಪ್ರೇಯಸಿ, ಹುಡುಗಿಯ ತೋಳಿನೊಳಗೆ ಮನೆ ಮಾಡಿಕೊಂಡ ಹಸಿದ ಪ್ರಾಣಿ. ಅವರ ಮಾತೆಲ್ಲ ಇಂಥವರ ಬಗ್ಗೆಯೇ. ಎಂ.ಎ. ಓದುವ ಹುಡುಗಿಯೊಬ್ಬಳ ತಾಯಿ ಮಂಡ್ಯದವರು. ಮಗಳ ಬ್ಯಾಗಿನಲ್ಲಿ ಇಂಥದ್ದೊಂದು ಪುಸ್ತಕ ಸಿಕ್ಕಿ, ಅದನ್ನು ಹಿಡಿದುಕೊಂಡೇ ಬಂದು ಕೇಳಿದರು: "ಏನ್ ಮೇಷ್ಟ್ರೇ ಇದು? ಲವ್ ಸ್ಟೋರಿ ಅಂತಾಳೆ. ನೋಡುದ್ರೆ ಮೈಯೆಲ್ಲಾ ಕಿತ್ಕೊಂಡೋಗದೆ. ಇದ್ರಲ್ಲಿ ಪ್ರೀತಿ ಎಲ್ಲದೆ?"

ಒಳ್ಳೆಯ ಪ್ರಶ್ನೆ. ಈ ಬಗೆಯ ಕಥೆಗಳನ್ನು ವರ್ಷಗಳಿಂದ ಇಷ್ಟಪಟ್ಟು ಓದಿದವನಾಗಿ ನಾನು ಇದಕ್ಕೆ ಸರಿಯಾಗಿ ಉತ್ತರ ಕೊಡಬೇಕು.

ಮೊದಲು ಇದೇನು ಅಂತ ನೋಡೋಣ. ಇವು ದೊಡ್ಡವರಿಗೆ ಅಂತಲೇ ಬರೆದ ಫ್ಯಾಂಟಸಿ ಪ್ರೇಮಕಥೆಗಳು. ಪ್ರೇಮಿಗಳಲ್ಲಿ ಒಬ್ಬರು, ಕೆಲವು ಸಲ ಇಬ್ಬರೂ, ಮನುಷ್ಯರಲ್ಲ. ಅಥವಾ ಮನುಷ್ಯರಾಗಿದ್ದವರು ಕಥೆ ಮುಂದೆ ಹೋದ ಹಾಗೆ ಬೇರೇನೋ ಆಗುತ್ತಾರೆ. ಆ ಬದಲಾವಣೆಯನ್ನು ಕಲಾವಿದರು ಮುಚ್ಚಿಡುವುದಿಲ್ಲ. ಬೆನ್ನಿನ ಚರ್ಮ ಸೀಳಿ ರೆಕ್ಕೆ ಬರುತ್ತದೆ, ದವಡೆ ಎರಡಾಗುತ್ತದೆ, ಬೆರಳು ಬೇರಾಗಿ ಇಳಿಯುತ್ತದೆ. ಇದನ್ನೇ ಬಾಡಿ ಹಾರರ್ ಅನ್ನುತ್ತಾರೆ.

ದೆವ್ವದ ಕಥೆಯ ಭಯಕ್ಕೂ ಇದಕ್ಕೂ ವ್ಯತ್ಯಾಸ ಇದೆ. ದೆವ್ವದ ಕಥೆಯಲ್ಲಿ ಭಯ ಬಾಗಿಲ ಆಚೆ ಇರುತ್ತದೆ. ಚಿಲಕ ಹಾಕಬಹುದು, ದೀಪ ಹಚ್ಚಬಹುದು, ಓಡಬಹುದು. ಬಾಡಿ ಹಾರರ್‌ನಲ್ಲಿ ಭಯ ಚರ್ಮದ ಒಳಗೇ ಇದೆ. ನನ್ನ ಕೈ ನನ್ನ ಮಾತು ಕೇಳುತ್ತಿಲ್ಲ. ಕನ್ನಡಿಯಲ್ಲಿರುವ ಮುಖ ನನ್ನದಲ್ಲ. ಯೋಚಿಸಿ ನೋಡಿದರೆ ಇದು ಅಷ್ಟೇನೂ ದೂರದ ಮಾತಲ್ಲ. ಹನ್ನೆರಡು ಹದಿಮೂರರಲ್ಲಿ ದೇಹ ನಮ್ಮನ್ನು ಕೇಳದೆ ಬದಲಾಯಿತು. ಬಸುರಿಯ ಹೊಟ್ಟೆಯೊಳಗೆ ಇನ್ನೊಂದು ಜೀವ ಒದೆಯುತ್ತದೆ. ಲಕ್ವ ಹೊಡೆದವರ ಅರ್ಧ ಮೈ ಒಂದೇ ರಾತ್ರಿಯಲ್ಲಿ ಪರಕೀಯ ಆಗುತ್ತದೆ. ಕ್ಯಾನ್ಸರ್ ಅಂದರೆ ನಮ್ಮದೇ ಜೀವಕೋಶ ನಮ್ಮ ವಿರುದ್ಧ ಬೆಳೆಯುವುದು. ಬಾಡಿ ಹಾರರ್ ಇಂಥ ಅನುಭವಗಳನ್ನು ಹಿಗ್ಗಿಸಿ ತೋರಿಸುತ್ತದೆ.

ಸರಿ, ಇದರ ಜೊತೆ ಪ್ರೀತಿಯನ್ನು ಯಾಕೆ ತರಬೇಕು?

ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರವನ್ನೇ ನೆನಪಿಸಿಕೊಳ್ಳಿ. ಬಣ್ಣ ಎಷ್ಟು, ಎತ್ತರ ಎಷ್ಟು, ಹಲ್ಲು ಹೇಗಿದೆ, ನಡಿಗೆಯಲ್ಲಿ ಐಬಿದೆಯಾ. ಮೊದಲು ಮಾತಾಡುವುದೇ ಮೈ ಬಗ್ಗೆ. ಕುತ್ತಿಗೆಯ ಹತ್ತಿರ ಒಂದು ಬಿಳಿ ಮಚ್ಚೆ ಕಂಡರೆ, ತೊನ್ನು ಅನ್ನುವ ಒಂದೇ ಮಾತಿಗೆ ಒಪ್ಪಿಕೊಂಡ ಸಂಬಂಧ ಮುರಿದು ಬೀಳುತ್ತದೆ. ಗಂಡುಮಕ್ಕಳಿಗೂ ಈಗ ತಲೆಗೂದಲಿನ ಲೆಕ್ಕ ಶುರುವಾಗಿದೆ. ಹೀಗೆ ಮೈಯನ್ನು ಅಳೆದು ತೂಗಿ ಮಾಡುವ ಮದುವೆಯಲ್ಲಿ ಒಂದು ಪ್ರಶ್ನೆ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ: ನಾಳೆ ಈ ಮೈ ಹೀಗೇ ಇರದಿದ್ದರೆ? ಈ ಕಾಮಿಕ್ಸ್ ಎತ್ತಿಕೊಳ್ಳುವುದು ಆ ಪ್ರಶ್ನೆಯನ್ನೇ. ನಿನ್ನ ಮೈ ಒಪ್ಪಂದದಲ್ಲಿ ಇದ್ದ ಹಾಗೆ ಉಳಿಯಲಿಲ್ಲ, ಈಗ ನಾವಿಬ್ಬರೂ ಒಬ್ಬರಿಗೊಬ್ಬರು ಏನು? ಇದನ್ನು ಸಂಸಾರದ ಕಾದಂಬರಿಯಲ್ಲಿ ಮೆಲ್ಲಗೆ ಕೇಳಬಹುದು. ಇಲ್ಲಿ ಕೊಂಬು, ಬಾಲ, ರಕ್ತ ಇಟ್ಟು ಜೋರಾಗಿ ಕೇಳುತ್ತಾರೆ.

ಹೂವಾಗುತ್ತಿದ್ದ ಹುಡುಗಿ

ಇದೆಲ್ಲ ಹೊರಗಿನಿಂದ ಬಂದದ್ದು ಅಂದುಕೊಂಡವರಿಗೆ ನಾನು ಮೊದಲು ಹೇಳುವುದು ನಮ್ಮದೇ ಒಂದು ಜನಪದ ಕಥೆ. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿದ ಎ.ಕೆ. ರಾಮಾನುಜನ್ ಕನ್ನಡದ ಬಾಯಿಕಥೆಗಳನ್ನು ಪ್ರೀತಿಯಿಂದ ಕೂಡಿಟ್ಟರು. ಅವರು ತೀರಿಕೊಂಡ ಮೇಲೆ 1997ರಲ್ಲಿ ಅಚ್ಚಾದ ಸಂಗ್ರಹಕ್ಕೆ ಹೆಸರು ಕೊಟ್ಟದ್ದೇ ಈ ಕಥೆ.

ಬಡವರ ಮನೆಯ ಹುಡುಗಿ. ಅವಳ ಮೇಲೆ ಒಂದು ಬಿಂದಿಗೆ ನೀರು ಸುರಿದರೆ ಹೂವಿನ ಮರವಾಗುತ್ತಾಳೆ. ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಹುಡುಗಿ. ನಿಯಮ ಕಟ್ಟುನಿಟ್ಟು. ನೀರಿಗೆ ಉಗುರು ತಾಕಬಾರದು. ಹೂವನ್ನು ನೋಯದ ಹಾಗೆ ಬಿಡಿಸಬೇಕು, ಟೊಂಗೆ ಮುರಿಯಬಾರದು. ಅಕ್ಕ ಅಷ್ಟು ಹುಷಾರಾಗಿ ನೀರು ಹಾಕುತ್ತಾಳೆ, ಹೂವು ಅರಮನೆಯಲ್ಲಿ ಮಾರಾಟವಾಗುತ್ತದೆ. ರಾಜನ ಮಗ ಗುಟ್ಟಾಗಿ ಇದನ್ನು ನೋಡಿ ಅವಳನ್ನೇ ಮದುವೆಯಾಗುತ್ತಾನೆ. ಗಂಡ ಹೆಂಡತಿಯ ಕೋಣೆಯೊಳಗೂ ಅವಳು ಮರವಾಗುತ್ತಾಳೆ, ಹಾಸಿಗೆ ತುಂಬ ಹೂವು. ನಾದಿನಿಗೆ ಅನುಮಾನ ಬರುತ್ತದೆ. ಗೆಳತಿಯರ ಜೊತೆ ತೋಟಕ್ಕೆ ಕರೆದುಕೊಂಡು ಹೋಗಿ, ನಮಗೂ ತೋರಿಸು ಅಂತ ಬಲವಂತ ಮಾಡುತ್ತಾಳೆ. ಹುಡುಗಿಯರು ಎಲೆ ಕಿತ್ತು, ಟೊಂಗೆ ಮುರಿದು, ಎರಡನೇ ಬಿಂದಿಗೆಯನ್ನು ಅಡ್ಡಾದಿಡ್ಡಿ ಸುರಿದು ಓಡಿಹೋಗುತ್ತಾರೆ. ಉಳಿಯುವುದು ಅತ್ತ ಮರವೂ ಅಲ್ಲದ ಇತ್ತ ಹೆಣ್ಣೂ ಅಲ್ಲದ ಒಂದು ಮುದ್ದೆ. ಕೈ ಇಲ್ಲ, ಕಾಲು ಇಲ್ಲ, ಮೈಯೆಲ್ಲ ಗಾಯ. ಮಳೆನೀರಿಗೆ ಮೋರಿಯಲ್ಲಿ ಕೊಚ್ಚಿಕೊಂಡು ಹೋಗುತ್ತದೆ.

ಇದಕ್ಕಿಂತ ದೊಡ್ಡ ಬಾಡಿ ಹಾರರ್ ಬೇಕಾ? ಅದೂ ಮನೆಯಲ್ಲಿ ಹೇಳುತ್ತಿದ್ದ ಕಥೆ. ಗಂಡ ಅವಳಿಲ್ಲದೆ ಹುಚ್ಚನ ಹಾಗೆ ಊರೂರು ಅಲೆಯುತ್ತಾನೆ. ಕೊನೆಗೆ ಇಬ್ಬರೂ ಒಂದೇ ಊರು ಸೇರುತ್ತಾರೆ. ಆ ಮುದ್ದೆಯಂಥ ಮೈಯಲ್ಲಿ ಅವನು ಹೆಂಡತಿಯನ್ನು ಗುರುತಿಸುತ್ತಾನೆ. ಅವಳು ಹೇಳಿಕೊಟ್ಟ ಹಾಗೆ ನೀರು ಸುರಿಯುತ್ತಾನೆ. ಅವಳು ಮರವಾದಾಗ ಮುರಿದ ಟೊಂಗೆಗಳನ್ನು ಜೋಡಿಸಿ ಕಟ್ಟುತ್ತಾನೆ. ಎರಡನೇ ಬಿಂದಿಗೆಗೆ ಅವಳು ಇಡಿಯಾಗಿ ಎದ್ದು ನಿಲ್ಲುತ್ತಾಳೆ.

ನನ್ನ ಮಟ್ಟಿಗೆ ಈ ಇಡೀ ಪ್ರಕಾರವನ್ನು ಅರ್ಥ ಮಾಡಿಕೊಳ್ಳಲು ಬೇಕಾದದ್ದೆಲ್ಲ ಈ ಒಂದು ಕಥೆಯಲ್ಲಿದೆ. ಒಂದೇ ಮೈ ನಾಲ್ಕು ಸಂದರ್ಭಗಳಲ್ಲಿ ಬದಲಾಗುತ್ತದೆ. ಅಕ್ಕನ ಎದುರು ಬದಲಾದಾಗ ಅದು ನಂಬಿಕೆ. ಮದುವೆಯ ಹೊಸತರಲ್ಲಿ ಗಂಡನ ಎದುರು ಬದಲಾದಾಗ ಅದು ಸುಖ, ಜೊತೆಗೆ ಸ್ವಲ್ಪ ಅವನ ಹಟವೂ ಇದೆ. ನಾದಿನಿಯ ಎದುರು ಅದು ಹಿಂಸೆ. ಕೊನೆಗೆ ಮತ್ತೆ ಗಂಡನ ಎದುರು, ಆದರೆ ಈ ಸಲ ಹೇಗೆ ಮಾಡಬೇಕೆಂದು ಹೇಳುವವಳು ಅವಳು, ಕೇಳುವವನು ಅವನು. ಮರ ಅದೇ, ನೀರು ಅದೇ. ಬದಲಾಗುವುದು ಯಾರ ಮಾತು ನಡೆಯುತ್ತದೆ ಅನ್ನುವುದು ಮಾತ್ರ. ರಾಕ್ಷಸ ಪ್ರೇಮದ ಯಾವ ಕಾಮಿಕ್ಸ್ ಕೈಗೆತ್ತಿಕೊಂಡರೂ ನಾನು ಇದೊಂದನ್ನು ಹುಡುಕುತ್ತೇನೆ. ಮೈ ಬದಲಾಗುವ ಹೊತ್ತಿಗೆ ಆ ಮೈಯವರ ಮಾತಿಗೆ ಬೆಲೆ ಇದೆಯಾ?

ನಮ್ಮಲ್ಲಿ ಇಂಥವು ಇನ್ನೂ ಇವೆ. ಭೀಮನನ್ನು ಮೊದಲು ಬಯಸುವುದು ಹಿಡಿಂಬೆ. ತಿನ್ನಲು ಅಂತ ಬಂದವಳು ಮನಸ್ಸು ಸೋತು, ರೂಪ ಬದಲಿಸಿಕೊಂಡು ಎದುರು ನಿಲ್ಲುತ್ತಾಳೆ. ಗಿರೀಶ ಕಾರ್ನಾಡರ ನಾಗಮಂಡಲದಲ್ಲಿ ಗಂಡನ ರೂಪ ತೊಟ್ಟ ಹಾವು ರಾತ್ರಿ ರಾಣಿ ಅನ್ನುವ ಹೆಣ್ಣಿನ ಹತ್ತಿರ ಬರುತ್ತದೆ. ಅದರ ಮೂಲ ಕಥೆಗಳನ್ನು ಕಾರ್ನಾಡರು ಕೇಳಿದ್ದೂ ರಾಮಾನುಜನ್ ಅವರಿಂದಲೇ. ಇನ್ನು ಕಾರ್ನಾಡರದ್ದೇ ಹಯವದನ ನಾಟಕ. ಇಬ್ಬರು ಗೆಳೆಯರ ತಲೆ ಅದಲು ಬದಲಾಗಿ ಕೂರುತ್ತದೆ, ಅವರಲ್ಲೊಬ್ಬನ ಹೆಂಡತಿ ಪದ್ಮಿನಿಗೆ ಬುದ್ಧಿವಂತ ತಲೆಯೂ ಗಟ್ಟಿ ಮೈಯೂ ಒಬ್ಬನಲ್ಲೇ ಸಿಗುತ್ತದೆ. ನನಗೆ ಅದರಲ್ಲಿ ಹೆಚ್ಚು ನಡುಕ ಹುಟ್ಟಿಸುವುದು ತಲೆ ಕಡಿದುಕೊಳ್ಳುವ ದೃಶ್ಯವಲ್ಲ, ಆಮೇಲಿನದು. ದಿನ ಕಳೆದ ಹಾಗೆ ಆ ಗಟ್ಟಿ ಮೈ ತಲೆಯ ಹೇಳಿಕೆಗೆ ತಕ್ಕಂತೆ ಮೆತ್ತಗಾಗುತ್ತಾ ಹೋಗುತ್ತದೆ. ಹೆಂಡತಿ ಪಕ್ಕದಲ್ಲೇ ಮಲಗಿ ಅದನ್ನು ಗಮನಿಸುತ್ತಾಳೆ. ಆ ತಲೆ ಬದಲಾದ ಕಥೆ ಕಥಾಸರಿತ್ಸಾಗರದ ಬೇತಾಳನದು.

ಒಂದೇ ಕತ್ತರಿಗೆ ಎರಡು ಕೊಂಬೆ

ಕಾಮಿಕ್ಸ್‌ಗೆ ಈ ಧೈರ್ಯ ಬರಲು ಸಮಯ ಹಿಡಿಯಿತು. ಅಮೆರಿಕದಲ್ಲಿ 1947ರಲ್ಲಿ ಜೋ ಸೈಮನ್ ಮತ್ತು ಜಾಕ್ ಕರ್ಬಿ ಸೇರಿ 'ಯಂಗ್ ರೊಮಾನ್ಸ್' ತಂದರು. ಪ್ರೇಮಕಥೆಯ ಕಾಮಿಕ್ಸ್‌ಗಳ ಸುಗ್ಗಿ ಅಲ್ಲಿಂದ ಶುರು. 1950ರ ಹೊತ್ತಿಗೆ ಇ.ಸಿ. ಕಾಮಿಕ್ಸ್ ಭಯಾನಕ ಕಥೆಗಳನ್ನು ತಂದಿತು. ಎರಡೂ ಬೇರೆ ಬೇರೆ ಗೂಡಂಗಡಿ ಸರಕು. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಅನ್ನುವ ಮನೋವೈದ್ಯ, ಮಕ್ಕಳು ಕೆಡುತ್ತಿರುವುದು ಕಾಮಿಕ್ಸ್‌ನಿಂದ ಅಂತ ಪುಸ್ತಕವನ್ನೇ ಬರೆದರು. ಸೆನೆಟ್‌ನಲ್ಲಿ ವಿಚಾರಣೆ ನಡೆಯಿತು. ಸರ್ಕಾರ ಕೈಹಾಕುವ ಮೊದಲು ಪ್ರಕಾಶಕರೇ ಸೇರಿಕೊಂಡು ತಮಗೆ ತಾವೇ ಒಂದು ಸಂಹಿತೆ ಹಾಕಿಕೊಂಡರು, ಕಾಮಿಕ್ಸ್ ಕೋಡ್.

ಆ ಸಂಹಿತೆಯನ್ನು ಓದಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಒಂದು ಕಡೆ ರಕ್ತಪಿಶಾಚಿ, ತೋಳಮನುಷ್ಯ, ನಡೆದಾಡುವ ಹೆಣ, ನರಭಕ್ಷಣೆ ಎಲ್ಲಕ್ಕೂ ನಿಷೇಧ. ಇನ್ನೊಂದು ಕಡೆ ಪ್ರೇಮಕಥೆಗಳು ಮನೆ ಸಂಸಾರದ ಮೌಲ್ಯವನ್ನೂ ಮದುವೆಯ ಪಾವಿತ್ರ್ಯವನ್ನೂ ಎತ್ತಿಹಿಡಿಯಬೇಕು, ಕೀಳು ಭಾವನೆ ಕೆರಳಿಸಬಾರದು. ಭಯವನ್ನೂ ಬಯಕೆಯನ್ನೂ ಒಂದೇ ಕತ್ತರಿಯಿಂದ ಕತ್ತರಿಸಿದರು. ಇವೆರಡೂ ಒಂದೇ ಬೇರಿನವು ಅಂತ ನಿಷೇಧ ಹಾಕಿದವರಿಗೆ ಗೊತ್ತಿತ್ತು ಅಂತಲೇ ನನಗೆ ಅನ್ನಿಸುತ್ತದೆ. 1971ರಲ್ಲಿ ಸಂಹಿತೆ ಸಡಿಲವಾಗಿ, ಹಳೆಯ ಸಾಹಿತ್ಯದಲ್ಲಿ ಬಂದ ಬಗೆಯ ಪಿಶಾಚಿ, ತೋಳಮನುಷ್ಯರಿಗೆ ಜಾಗ ಸಿಕ್ಕಿತು. ಉಳಿದಿದ್ದ ಪ್ರಕಾಶಕರೂ 2011ರಲ್ಲಿ ಅದನ್ನು ಕೈಬಿಟ್ಟರು.

ನಡುವೆ ನಡೆದ ಒಂದು ಘಟನೆಯನ್ನು ಮಾತ್ರ ನಿಧಾನವಾಗಿ ಹೇಳಬೇಕು. 1971ರಲ್ಲಿ ಲೆನ್ ವೈನ್ ಮತ್ತು ಬರ್ನಿ ರೈಟ್‌ಸನ್ 'ಸ್ವಾಂಪ್ ಥಿಂಗ್' ಅನ್ನುವ ಜೌಗುಭೂಮಿಯ ಪ್ರಾಣಿಯನ್ನು ಸೃಷ್ಟಿಸಿದರು. ಪಾಚಿ, ಬೇರು, ಕೆಸರು ಮೆತ್ತಿದ ದೊಡ್ಡ ಆಕಾರ. ತಾನು ಮೊದಲು ಮನುಷ್ಯನಾಗಿದ್ದೆ, ಮತ್ತೆ ಮನುಷ್ಯನಾಗಬೇಕು ಅನ್ನುವುದು ಅವನ ಆಸೆ. 1984ರಲ್ಲಿ ಬ್ರಿಟನ್ನಿನ ಅಲನ್ ಮೂರ್ ಕಥೆ ಕೈಗೆತ್ತಿಕೊಂಡು ಆ ಆಸೆಯನ್ನೇ ಮುರಿದುಹಾಕಿದರು. ಅವನು ಗಿಡವಾದ ಮನುಷ್ಯ ಅಲ್ಲ. ಸತ್ತ ಮನುಷ್ಯನ ನೆನಪನ್ನು ಹೀರಿಕೊಂಡು, ತಾನೇ ಆ ಮನುಷ್ಯ ಅಂದುಕೊಂಡ ಗಿಡ. ಮರಳಿ ಹೋಗಲು ಮನುಷ್ಯರ ಮೈಯೇ ಇಲ್ಲ. ಅದೇ ವರ್ಷ 29ನೇ ಸಂಚಿಕೆ ಸಂಹಿತೆಯ ಒಪ್ಪಿಗೆಯ ಮುದ್ರೆ ಇಲ್ಲದೆ ಹೊರಗೆ ಬಂತು.

1985ರಲ್ಲಿ ಬಂದ 34ನೇ ಸಂಚಿಕೆಯಲ್ಲಿ ಹೊಡೆದಾಟವಿಲ್ಲ, ಖಳನಿಲ್ಲ. ಅಬಿ ಅನ್ನುವ ಹೆಂಗಸು ಅವನ ಮೇಲಿನ ಪ್ರೀತಿಯನ್ನು ಹೇಳಿಕೊಳ್ಳುತ್ತಾಳೆ. ಅವನಿಗೂ ಪ್ರೀತಿ ಇದೆ, ಆದರೆ ಮನುಷ್ಯರ ಮೈ ಇಲ್ಲ. ಅವನು ತನ್ನ ಮೈಯಲ್ಲೇ ಬೆಳೆದ ಒಂದು ಗೆಡ್ಡೆಯನ್ನು ಕೊಡುತ್ತಾನೆ. ಅವಳು ತಿನ್ನುತ್ತಾಳೆ. ಅಲ್ಲಿಂದ ಮುಂದಕ್ಕೆ ಬಿಸೆಟ್ ಮತ್ತು ಟಾಟಲ್‌ಬೆನ್ ಅವರ ಚಿತ್ರದಲ್ಲಿ ಚೌಕಟ್ಟುಗಳು ಬಳ್ಳಿ ಬೇರುಗಳಲ್ಲಿ ಕರಗುತ್ತವೆ. ಅವನು ಜಗತ್ತನ್ನು ಹೇಗೆ ಅನುಭವಿಸುತ್ತಾನೋ ಹಾಗೇ ಅವಳೂ ಅನುಭವಿಸುತ್ತಾಳೆ. ಇಬ್ಬರು ಪ್ರೇಮಿಗಳ ಮಿಲನವನ್ನು ಇಷ್ಟು ಆಳವಾಗಿ ತೋರಿಸಿದ ಕಾಮಿಕ್ಸ್ ಪುಟಗಳನ್ನು ನಾನು ಜಾಸ್ತಿ ನೋಡಿಲ್ಲ. ಅವನ ಮೈ ತಿನ್ನುವುದು ಅಂದರೆ ಒಂದು ಕಡೆ ಅಸಹ್ಯ, ಇನ್ನೊಂದು ಕಡೆ ಪ್ರಸಾದ. ಓದುಗ ಎರಡನ್ನೂ ಒಟ್ಟಿಗೆ ಅನುಭವಿಸುತ್ತಾನೆ. ಅವಳು ಕೇಳಿ, ಒಪ್ಪಿ, ತಿಳಿದು ತಿನ್ನುತ್ತಾಳೆ ಅನ್ನುವುದರಿಂದ ಅದು ಪ್ರೇಮವಾಗಿ ನಿಲ್ಲುತ್ತದೆ.

ಪುಟ ಏನು ಮಾಡುತ್ತದೆ

ಸಿನಿಮಾದಲ್ಲೂ ಮೈ ಬದಲಾಗುತ್ತದಲ್ಲ, ಕಾಮಿಕ್ಸ್‌ನದ್ದೇನು ಹೆಚ್ಚುಗಾರಿಕೆ ಅಂತ ಕೇಳುತ್ತಾರೆ. ಉತ್ತರ ಎರಡು ಚೌಕಗಳ ನಡುವಿನ ಖಾಲಿ ಜಾಗದಲ್ಲಿದೆ. ಮೊದಲ ಚೌಕದಲ್ಲಿ ಕೈ, ಮುಂದಿನ ಚೌಕದಲ್ಲಿ ಕೊಂಬೆ. ನಡುವೆ ಏನಾಯಿತು ಅನ್ನುವುದನ್ನು ಯಾರೂ ಬಿಡಿಸಿಲ್ಲ. ಅದನ್ನು ನಡೆಸಿದ್ದು ನಮ್ಮ ತಲೆ. ಸ್ಕಾಟ್ ಮೆಕ್ಲೌಡ್ 1993ರಲ್ಲಿ ಕಾಮಿಕ್ಸ್ ಬಗ್ಗೆ ಕಾಮಿಕ್ಸ್ ರೂಪದಲ್ಲೇ ಬರೆದ ಪುಸ್ತಕದಲ್ಲಿ ಇದನ್ನು ಚೆನ್ನಾಗಿ ವಿವರಿಸಿದ್ದಾರೆ. ಸಿನಿಮಾದಲ್ಲಿ ನೋವನ್ನು ನೋಡುತ್ತೇವೆ, ಕಾಮಿಕ್ಸ್‌ನಲ್ಲಿ ಅದನ್ನು ಅರ್ಧ ನಾವೇ ಮಾಡುತ್ತೇವೆ. ಪ್ರೀತಿಯ ದೃಶ್ಯಕ್ಕೂ ಇದೇ ಲೆಕ್ಕ. ಮುಟ್ಟುವ ಮೊದಲಿನ ಚೌಕ, ಮುಟ್ಟಿದ ಮೇಲಿನ ಚೌಕ. ಮುಟ್ಟುವುದು ಓದುಗನ ಪಾಲು.

ಒಂದು ಉದಾಹರಣೆ ಹತ್ತಿರದಿಂದ ತೋರಿಸುತ್ತೇನೆ. ಮಂಡ್ಯ ಕಡೆಯಿಂದ ಬರುವ ಒಬ್ಬಳು ವಿದ್ಯಾರ್ಥಿನಿ ಬಿಡಿಸಿದ ಐದು ಚೌಕಗಳು ಇವು. ಕಥೆಯಲ್ಲಿ ಒಬ್ಬ ಹೆಂಗಸು ಕಬ್ಬಾಗುತ್ತಾಳೆ. ಮೊದಲ ಚೌಕದಲ್ಲಿ ಅವಳ ಎಡಗೈ ಮಾತ್ರ, ಬೆರಳಿನ ಗೆಣ್ಣುಗಳು ಸ್ವಲ್ಪ ಊದಿವೆ. ಕೆಲಸ ಮಾಡಿದ ಕೈ ಅಂದುಕೊಂಡು ಮುಂದೆ ಹೋಗುತ್ತೇವೆ. ಎರಡನೆಯದರಲ್ಲಿ ಗಂಡ ಊಟಕ್ಕೆ ಕೂತಿದ್ದಾನೆ, ಅವಳು ಮುದ್ದೆ ಇಡುತ್ತಿದ್ದಾಳೆ, ಗೆಣ್ಣಿನ ಸುತ್ತ ಬೂದು ಮೇಣದಂಥ ಪುಡಿ. ಮೂರನೆಯದರಲ್ಲಿ ಬೆರಳಿನ ಗೆಣ್ಣು ಕಬ್ಬಿನ ಗೆಣ್ಣೇ ಆಗಿದೆ, ಒಂದು ಗೆಣ್ಣಿನ ಪಕ್ಕ ಸಣ್ಣ ಕಣ್ಣು ಮೊಳೆತಿದೆ. ನಾಲ್ಕನೆಯದು ಗಂಡನ ಮುಖ, ಅವನು ನೋಡಿಬಿಟ್ಟ. ಐದನೆಯದರಲ್ಲಿ ಅವನ ಕೈ ಅವಳ ಕೈ ಹಿಡಿದಿದೆ, ಸೋಗೆಯ ಅಂಚಿಗೆ ಅಂಗೈ ಕುಯ್ದು ರಕ್ತ ಇಳಿಯುತ್ತಿದೆ. ಅವನು ಬಿಟ್ಟಿಲ್ಲ. ಐದು ಚೌಕಗಳಲ್ಲೂ ಮಾತೇ ಇಲ್ಲ.

ಕಬ್ಬಿನ ಗದ್ದೆಯಲ್ಲಿ ಓಡಾಡಿದವರಿಗೆ ಸೋಗೆ ಕುಯ್ಯುವುದು ಗೊತ್ತು. ಹಾಗಾಗಿ ಐದನೇ ಚೌಕ ನೋಡಿದಾಗ ಅಂಗೈ ಚುರುಕ್ ಅನ್ನುತ್ತದೆ. ಒಳ್ಳೆಯ ಬಾಡಿ ಹಾರರ್‌ಗೆ ಲೀಟರ್‌ಗಟ್ಟಲೆ ರಕ್ತ ಬೇಡ. ಓದುವವರ ಚರ್ಮಕ್ಕೆ ಈಗಾಗಲೇ ಗೊತ್ತಿರುವ ಒಂದು ಸಣ್ಣ ನೋವು ಸಾಕು. ಇನ್ನೊಂದು ಮಾತು. ನಾಲ್ಕನೇ ಚೌಕವನ್ನು ಅವಳು ಬಲಬದಿಯ ಪುಟದ ಕೊನೆಗೆ ಇಟ್ಟಿದ್ದಳು. ಅಂದರೆ ಗಂಡ ಏನು ಮಾಡಿದ ಅಂತ ತಿಳಿಯಲು ಪುಟ ತಿರುಗಿಸಲೇಬೇಕು. ಭಯಾನಕ ಕಾಮಿಕ್ಸ್ ಬರೆಯುವವರು ಈ ಪುಟ ತಿರುಗಿಸುವ ಕ್ಷಣಕ್ಕಾಗಿ ಕಾಯುತ್ತಾರೆ.

ಫೋನಿನಲ್ಲಿ ಓದುವ ಕೊರಿಯಾದ ವೆಬ್‌ಟೂನ್‌ಗಳಲ್ಲಿ ಪುಟ ಇಲ್ಲ. ಬೆರಳಿನಿಂದ ಕೆಳಕ್ಕೆ ಎಳೆಯುತ್ತಾ ಹೋಗಬೇಕು. ಅಲ್ಲಿ ಖಾಲಿ ಕಪ್ಪು ಜಾಗವನ್ನು ಉದ್ದಕ್ಕೆ ಬಿಟ್ಟು, ಎಳೆದಷ್ಟೂ ಏನೂ ಬಾರದೆ, ಆಮೇಲೆ ತಟ್ಟನೆ ಒಂದು ಮುಖ. 2017ರಲ್ಲಿ ಶುರುವಾದ 'ಸ್ವೀಟ್ ಹೋಮ್' ಇದನ್ನು ಚೆನ್ನಾಗಿ ಬಳಸಿದೆ. ಅದರಲ್ಲಿ ಮನುಷ್ಯರು ತಮ್ಮ ತಮ್ಮ ಆಸೆಗೆ ತಕ್ಕ ರಾಕ್ಷಸರಾಗುತ್ತಾರೆ. ಅದು ಪ್ರೇಮಕಥೆಯೇನಲ್ಲ. ಆದರೆ ಬಯಕೆ ಮತ್ತು ಮೈಗೆ ನೇರ ಗಂಟು ಹಾಕಿದ್ದಾರೆ.

ಯಾರ್ಯಾರು, ಏನೇನು

ಈಗಿನವರಲ್ಲಿ ಮೊದಲು ಹೇಳಬೇಕಾದದ್ದು 2015ರಲ್ಲಿ ಶುರುವಾದ 'ಮಾನ್‌ಸ್ಟ್ರೆಸ್'. ಬರೆದವರು ಮಾರ್ಜೊರಿ ಲಿಯು, ಚಿತ್ರ ಸಾನಾ ತಾಕೆದಾ ಅವರದ್ದು. ನಾಯಕಿ ಮೈಕಾಗೆ ಒಂದು ಕೈ ಅರ್ಧಕ್ಕೆ ಇಲ್ಲ. ಆ ಮೊಂಡುಗೈಯೊಳಗಿಂದ ಒಂದು ಪುರಾತನ ಪ್ರಾಣಿ ಹೊರಬರುತ್ತದೆ. ಅದಕ್ಕೆ ಹಸಿವು, ಅದು ಜೀವ ತಿನ್ನುತ್ತದೆ. ತನ್ನವರನ್ನು ಪ್ರೀತಿಸಬೇಕು, ಆದರೆ ತನ್ನ ಮೈಯೇ ಅವರಿಗೆ ಅಪಾಯ ಅನ್ನುವ ಸಂಕಟ ಅವಳದ್ದು. ಲಿಯು ಅದಕ್ಕೂ ಮೊದಲು ಅಲೌಕಿಕ ಪ್ರೇಮದ ಕಾದಂಬರಿ ಬರೆದವರು, ಆ ಅನುಭವ ಇಲ್ಲಿ ಕಾಣುತ್ತದೆ. 2018ರಲ್ಲಿ ಅತ್ಯುತ್ತಮ ಲೇಖಕರಿಗೆ ಕೊಡುವ ಐಸ್ನರ್ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ತಾಕೆದಾ ಅವರ ಚಿತ್ರದಲ್ಲಿ ಜರಿ ಅಂಚಿನಂಥ ಕುಸುರಿ ಇದೆ. ಅಷ್ಟು ಚಂದದ ಬಟ್ಟೆಯ ಪಕ್ಕದಲ್ಲೇ ಹರಿದ ಮಾಂಸ ಕಂಡಾಗ ಕಣ್ಣು ಎಲ್ಲಿ ನಿಲ್ಲಬೇಕೋ ತಿಳಿಯದೆ ಒದ್ದಾಡುತ್ತದೆ.

2012ರ 'ಸಾಗಾ' ಇದಕ್ಕಿಂತ ಹಗುರ ಮನಸ್ಸಿನ ಕಥೆ. ಬ್ರಯನ್ ವಾನ್ ಬರಹ, ಫಿಯೋನಾ ಸ್ಟೇಪಲ್ಸ್ ಚಿತ್ರ. ಕೊಂಬಿರುವ ಮಾರ್ಕೊ, ರೆಕ್ಕೆ ಇರುವ ಅಲಾನಾ, ಇಬ್ಬರ ಕುಲಕ್ಕೂ ಯುದ್ಧ. ಮಗು ಹುಟ್ಟಿ ಓಡಿಹೋಗುತ್ತಾರೆ. ಜಾತಿ ಬಿಟ್ಟು ಮದುವೆಯಾದವರ ಕಷ್ಟ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಅದರಲ್ಲೇ ಸ್ಟಾಕ್ ಅನ್ನುವ ಬಾಡಿಗೆ ಕೊಲೆಗಾತಿ ಬರುತ್ತಾಳೆ. ಸೊಂಟದ ಕೆಳಗೆ ಜೇಡ, ತೋಳುಗಳಿಲ್ಲ. ಅವಳನ್ನು ಪ್ರೀತಿಸುವ ಗಂಡಸಿಗೆ ಅವಳ ಆಕಾರ ಒಂದು ವಿಷಯವೇ ಅಲ್ಲ.

ಕೆನಡಾದ ಎಮಿಲಿ ಕ್ಯಾರಲ್ 2019ರಲ್ಲಿ ತಂದ 'ವೆನ್ ಐ ಅರೈವ್ಡ್ ಅಟ್ ದ ಕ್ಯಾಸಲ್' ಸಣ್ಣ ಪುಸ್ತಕ. ಕಪ್ಪು, ಬಿಳಿ, ಕೆಂಪು, ಇಷ್ಟೇ ಬಣ್ಣ. ಕೋಟೆಯ ಒಡತಿಯನ್ನು ಕೊಲ್ಲಲು ಬಂದವಳಿಗೆ ಅವಳ ಮೇಲೆಯೇ ಸೆಳೆತ. ಇದು ದೊಡ್ಡವರಿಗೆ ಮಾತ್ರ.

ಜಪಾನಿನ ಜುಂಜಿ ಇಟೊ ಅವರದ್ದು ಬೇರೆ ದಾರಿ. ಹಲ್ಲಿನ ತಂತ್ರಜ್ಞನಾಗಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ, 1987ರಲ್ಲಿ 'ಟೊಮಿಯೆ' ಶುರು ಮಾಡಿದರು. ಅವಳನ್ನು ನೋಡಿದ ಗಂಡಸರು ಹುಚ್ಚು ಹಿಡಿದ ಹಾಗೆ ಪ್ರೀತಿಸಿ, ಕೊನೆಗೆ ಕೊಂದು ತುಂಡು ಮಾಡುತ್ತಾರೆ. ಪ್ರತಿ ತುಂಡಿನಿಂದ ಹೊಸ ಟೊಮಿಯೆ ಬೆಳೆಯುತ್ತಾಳೆ. ಚಾಮುಂಡಿ ಬೆಟ್ಟದ ನೆರಳಲ್ಲಿ ಬೆಳೆದವರಿಗೆ ರಕ್ತಬೀಜನ ನೆನಪು ಬರಲೇಬೇಕು. ನೆಲಕ್ಕೆ ಬಿದ್ದ ಪ್ರತಿ ಹನಿಗೂ ಒಬ್ಬ ಅಸುರ. ದೇವಿ ಮಹಾತ್ಮೆಯಲ್ಲಿ ಕಾಳಿ ಆ ರಕ್ತ ಕುಡಿದು ಮುಗಿಸುತ್ತಾಳೆ. ಇಟೊ ಕಥೆಯಲ್ಲಿ ಕುಡಿಯುವವರು ಇಲ್ಲ. ನಾನು ಓದಿಕೊಂಡ ಹಾಗೆ, ಅಲ್ಲಿ ರಾಕ್ಷಸ ಟೊಮಿಯೆಯೊಬ್ಬಳೇ ಅಲ್ಲ. ಒಂದು ಹೆಣ್ಣಿನ ಮೈ ತನಗೇ ಸೇರಬೇಕು ಅನ್ನುವ ಗಂಡಸಿನ ಹಸಿವೂ ರಾಕ್ಷಸವೇ. ಇಲ್ಲ ಅಂದವಳ ಮುಖಕ್ಕೆ ಆಸಿಡ್ ಎರಚುವ ಸುದ್ದಿ ಓದುತ್ತಲೇ ಇರುವ ನಾವು ಅದನ್ನು ಬರೀ ಕಲ್ಪನೆ ಅನ್ನುವಂತಿಲ್ಲ.

ಸರಿ ತಪ್ಪಿನ ಮಾತು

ಈ ಪ್ರಕಾರದಲ್ಲಿ ಕೆಟ್ಟದ್ದೂ ಇದೆ. ನನಗೆ ತಳಮಳ ಆಗುವುದು ರಕ್ತದಿಂದಲ್ಲ. ಎಳೆದುಕೊಂಡು ಹೋಗುವುದು, ಬೇಡ ಅಂದರೂ ಬಿಡದೆ ಇರುವುದು, ಇದನ್ನೇ ಗಾಢ ಪ್ರೀತಿ ಅಂತ ತೋರಿಸುವ ಕಥೆಗಳಿವೆ. ಅವನು ರಾಕ್ಷಸ ತಾನೆ, ಅವನ ಸ್ವಭಾವ ಹಾಗೇ ಅಂತ ಲೇಖಕರು ಜಾರಿಕೊಳ್ಳುತ್ತಾರೆ. ಕ್ರೌರ್ಯವನ್ನು ಕ್ರೌರ್ಯ ಅಂತಲೇ ತೋರಿಸುವ ಕಥೆ ಬೇರೆ, ಅದಕ್ಕೆ ಮಲ್ಲಿಗೆ ಮುಡಿಸುವ ಕಥೆ ಬೇರೆ. ಮೊದಲನೆಯದು ಎಷ್ಟೇ ಭಯಾನಕ ಇದ್ದರೂ ಓದುತ್ತೇನೆ. ಎರಡನೆಯದನ್ನು ಅರ್ಧಕ್ಕೇ ಇಡುತ್ತೇನೆ.

ಇನ್ನೊಂದು ವಿಷಯ ಅಂಗವೈಕಲ್ಯದ್ದು. ಸುಟ್ಟ ಗಾಯ, ಕುಂಟು, ಒಕ್ಕಣ್ಣು, ಇವನ್ನೆಲ್ಲ ಖಳನ ಗುರುತಾಗಿ ಬಳಸುವ ಕೆಟ್ಟ ಚಾಳಿ ಭಯಾನಕ ಕಥೆಗಳಿಗೆ ಹಳೆಯದು. ಕೊನೆಯಲ್ಲಿ ಪ್ರೀತಿಯ ಫಲವಾಗಿ ರಾಕ್ಷಸ ಸುಂದರ ರಾಜಕುಮಾರನಾಗುವ ಕಥೆಯಲ್ಲೂ ಇದೇ ದೋಷ. ಇದ್ದ ಮೈ ಸಾಲದು ಅಂತ ಆಯಿತಲ್ಲ? ಹೊಸ ಕಾಮಿಕ್ಸ್‌ಗಳಲ್ಲಿ ನನಗೆ ತುಂಬಾ ಹಿಡಿಸುವುದು ಅಂದರೆ, ಬಹಳಷ್ಟು ಕಡೆ ರಾಕ್ಷಸ ರಾಕ್ಷಸನಾಗಿಯೇ ಉಳಿಯುತ್ತಾನೆ. ಮೈಕಾಗೆ ಹೊಸ ಕೈ ಚಿಗುರಿ ಎಲ್ಲ ಸರಿಹೋಗುವುದಿಲ್ಲ. ಸ್ವಾಂಪ್ ಥಿಂಗ್ ಅಬಿಗೋಸ್ಕರ ಮನುಷ್ಯನಾಗಬೇಕಾಗಿಲ್ಲ.

ಇನ್ನು ವಯಸ್ಸಿನ ಮಾತು. ನಮ್ಮಲ್ಲಿ ಸಿನಿಮಾಕ್ಕೆ ಸೆನ್ಸಾರ್ ಪ್ರಮಾಣಪತ್ರ ಇದೆ, ಪುಸ್ತಕಕ್ಕೆ ಅಂಥ ಮಂಡಳಿ ಇಲ್ಲ. ಮುಖಪುಟದ ಮೇಲೆ 18+ ಅಂತ ಹಾಕುವುದು ಪ್ರಕಾಶಕರೇ. ಅಶ್ಲೀಲ ಬರಹಕ್ಕೆ ಸಂಬಂಧಿಸಿದ ಕಾನೂನು ಈಗ ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಂನಲ್ಲಿದೆ. ಕಲೆ, ಸಾಹಿತ್ಯ, ವಿದ್ಯೆಯ ಹಿತಕ್ಕಾಗಿ ಬಂದ ಕೃತಿಗಳಿಗೆ ಅದರಲ್ಲಿ ವಿನಾಯಿತಿ ಇದೆ. 2014ರಲ್ಲಿ ಸುಪ್ರೀಂ ಕೋರ್ಟ್, ಒಂದು ಚಿತ್ರವನ್ನು ಬಿಡಿಯಾಗಿ ಕಿತ್ತು ನೋಡಬಾರದು, ಅದು ಏನು ಹೇಳಲು ಬಂದಿದೆ ಅಂತ ಇಂದಿನ ಸಮಾಜದ ಕಣ್ಣಿನಿಂದ ನೋಡಬೇಕು ಅನ್ನುವ ಅಳತೆಗೋಲನ್ನು ಒಪ್ಪಿಕೊಂಡಿತು. ಮನೆಯಲ್ಲಿ ಮಕ್ಕಳಿದ್ದರೆ ಈ ಪುಸ್ತಕಗಳನ್ನು ಎತ್ತರದ ಶೆಲ್ಫಿನಲ್ಲಿಡಿ. ಚಿತ್ರ ಇದೆ ಅಂದ ಮಾತ್ರಕ್ಕೆ ಅದು ಮಕ್ಕಳ ಪುಸ್ತಕ ಆಗುವುದಿಲ್ಲ. ವಯಸ್ಸಿಗೆ ಬಂದ ಮಗಳು ಓದುತ್ತಿದ್ದರೆ ಪುಸ್ತಕ ಕಿತ್ತುಕೊಳ್ಳುವ ಬದಲು ಪಕ್ಕದಲ್ಲಿ ಕೂತು, ಇದರಲ್ಲಿ ನಿನಗೆ ಯಾರು ಇಷ್ಟ ಅಂತ ಕೇಳಿ. ಮಂಡ್ಯದ ಆ ತಾಯಿಗೂ ನಾನು ಇದನ್ನೇ ಹೇಳಿದ್ದು.

ಓದಲು ಶುರು ಮಾಡುವವರು 'ಸಾಗಾ'ದಿಂದ ಹೊರಡಿ. ಅಲ್ಲಿ ನಗು ಇದೆ, ಸಂಸಾರ ಇದೆ, ಭಯ ನಡುನಡುವೆ ಬರುತ್ತದೆ. ಅದು ಹಿಡಿಸಿದರೆ 'ಸ್ವಾಂಪ್ ಥಿಂಗ್'ನ ಮೂರ್ ಕಾಲದ ಸಂಚಿಕೆಗಳು, ಆದರೆ ನೇರ 34ಕ್ಕೆ ಹಾರಬೇಡಿ. ಅವನಿಗೆ ಮನುಷ್ಯರ ಮೈ ಇಲ್ಲ ಅನ್ನುವ ನೋವು ಮೊದಲು ಗೊತ್ತಿರಬೇಕು. 'ಮಾನ್‌ಸ್ಟ್ರೆಸ್' ನಿಧಾನಕ್ಕೆ ಓದುವಂಥದ್ದು, ಮೊದಲ ಸಂಪುಟದಲ್ಲಿ ಹೆಸರುಗಳು ಗೋಜಲು ಅನ್ನಿಸಿದರೂ ಬಿಡಬೇಡಿ. 'ಟೊಮಿಯೆ'ಯನ್ನು ಕೊನೆಗೆ ಇಟ್ಟುಕೊಳ್ಳಿ, ಊಟವಾದ ತಕ್ಷಣ ಬೇಡ. ಇವೆಲ್ಲಕ್ಕೂ ಮೊದಲು, ಮನೆಯಲ್ಲಿ ಅಜ್ಜಿ ಇದ್ದರೆ, ಹೂವಾಗುವ ಹುಡುಗಿಯ ಕಥೆ ಗೊತ್ತಾ ಅಂತ ಕೇಳಿ. ಗೊತ್ತಿದ್ದರೆ, ಹುಡುಗಿಯರು ಟೊಂಗೆ ಮುರಿಯುವ ಜಾಗವನ್ನು ಅವರು ಹೇಗೆ ಹೇಳುತ್ತಾರೆ ಅಂತ ಗಮನ ಇಟ್ಟು ಕೇಳಿ, ಆಗುವುದಾದರೆ ಬರೆದಿಟ್ಟುಕೊಳ್ಳಿ.